ಐಸಿಯು ಬಾಗಿಲ ಹೊರಗಿನ ಚರಿತ್ರೆ



ಎರಡು ವರ್ಷದ ಹಿಂದೆ ನಮ್ಮಪ್ಪ ಒಂಬತ್ತು ದಿನ ಐಸಿಯುನಲ್ಲಿದ್ದರು. ನಾನೂ ಅಮ್ಮನೂ ಬಾಗಿಲ ಹೊರಗಿನ ಕಬ್ಬಿಣದ ಕುರ್ಚಿಯಲ್ಲಿದ್ವಿ. ಅಪ್ಪನಿಗೆ ಹೇಗಿದೆ ಅಂತ ಯಂತ್ರಗಳು ಕ್ಷಣಕ್ಷಣಕ್ಕೂ ನೋಡ್ಕೊಳ್ತಿದ್ದವು. ಅಮ್ಮನಿಗೆ ಹೇಗಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳು ಸರಿಯಾಗಿ ಊಟ ಮಾಡ್ತಿಲ್ಲ ಅನ್ನೋದು ಗೊತ್ತಾಗಿದ್ದೇ ಮೂರನೇ ದಿನ.

ಈ ಬಾಗಿಲು ಎಲ್ಲಿಂದ ಬಂತು? ಅದರ ಹೊರಗೆ ಕೂತವರ ಬಗ್ಗೆ ವೈದ್ಯಲೋಕ ಯೋಚಿಸಿದ್ದು ಯಾವಾಗ? ಇವತ್ತಿನ ಕಥೆ ಅದೇ.

1952. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಅಬ್ಬರ. ಬ್ಲೆಗ್ದಾಮ್ ಆಸ್ಪತ್ರೆಗೆ ಬಂದ ಎಷ್ಟೋ ಮಕ್ಕಳಿಗೆ ಉಸಿರಾಡೋಕೇ ಆಗ್ತಿರಲಿಲ್ಲ. ಉಸಿರಾಟದ ಯಂತ್ರಗಳೋ, ಬೆರಳೆಣಿಕೆಯಷ್ಟು. ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಒಂದು ದಾರಿ ತೋರಿಸಿದರು. ಗಂಟಲಿಗೆ ರಂಧ್ರ ಮಾಡಿ ಕೊಳವೆ ಇಡೋದು, ರಬ್ಬರ್ ಚೀಲವನ್ನು ಕೈಯಲ್ಲೇ ಒತ್ತುತ್ತಾ ಗಾಳಿ ಕೊಡೋದು. ಸುಮಾರು 1500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಹಗಲೂ ರಾತ್ರಿ ಚೀಲ ಒತ್ತಿದರು. ಮರುವರ್ಷ ಡಿಸೆಂಬರ್‌ನಲ್ಲಿ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಇಬ್ಸೆನ್ ತೆರೆದ ವಾರ್ಡನ್ನೇ ಜಗತ್ತಿನ ಮೊದಲ ಐಸಿಯು ಅಂತ ಹಲವರು ಗುರುತಿಸ್ತಾರೆ.

ಜೀವ ಉಳಿಸೋ ವಿದ್ಯೆ ಅಲ್ಲಿಂದ ಓಡಿತು. ಹೊರಗೆ ಕೂತವರು ಕೂತೇ ಇದ್ದರು.

1979ರಲ್ಲಿ ಅಮೆರಿಕದ ನರ್ಸ್ ನ್ಯಾನ್ಸಿ ಮೋಲ್ಟರ್ ಒಂದು ಅಧ್ಯಯನ ಪ್ರಕಟಿಸಿದರು. ಗಂಭೀರ ಸ್ಥಿತಿಯಲ್ಲಿದ್ದ ರೋಗಿಗಳ 40 ಸಂಬಂಧಿಕರ ಮುಂದೆ 45 ಅಗತ್ಯಗಳ ಪಟ್ಟಿ ಇಟ್ಟು, ‘ನಿಮಗೆ ಯಾವುದು ಮುಖ್ಯ?’ ಅಂತ ಕೇಳಿದ್ದರು. ಎಲ್ಲಕ್ಕಿಂತ ಮೇಲೆ ಬಂದಿದ್ದು ಭರವಸೆ. ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಗಬೇಕು ಅನ್ನೋದೂ ಪಟ್ಟಿಯ ಮೇಲ್ಭಾಗದಲ್ಲೇ ಇತ್ತು. ಅಂದ್ರೆ ಜನ ಸುಳ್ಳು ಸಮಾಧಾನ ಕೇಳಿರಲಿಲ್ಲ.

2007ರಲ್ಲಿ ಫ್ರಾನ್ಸಿನ 22 ಐಸಿಯುಗಳ ಅಧ್ಯಯನ ಬಂತು. ಬದುಕುವ ಸಾಧ್ಯತೆ ಇಲ್ಲದ ರೋಗಿಗಳ ಮನೆಯವರ ಜೊತೆ ವೈದ್ಯರು ಹೇಗೆ ಮಾತಾಡಬೇಕು ಅನ್ನೋದು ವಿಷಯ. ಒಂದು ಗುಂಪಿನ ವೈದ್ಯರಿಗೆ ಕೊಟ್ಟ ಸೂಚನೆ: ಅವರ ಮಾತಿಗೆ ಬೆಲೆ ಕೊಡಿ, ಕೇಳಿಸಿಕೊಳ್ಳಿ, ರೋಗಿ ಎಂಥ ಮನುಷ್ಯ ಅಂತ ವಿಚಾರಿಸಿ. ಇಲ್ಲಿ ಮನೆಯವರು ಮಾತಾಡಿದ್ದು 14 ನಿಮಿಷ. ಮಾಮೂಲಿ ಭೇಟಿಗಳಲ್ಲಿ ಐದೇ ನಿಮಿಷ. ಜೊತೆಗೆ ಸಾವಿನ ದುಃಖದ ಬಗ್ಗೆ ಒಂದು ಕಿರುಪುಸ್ತಕವನ್ನೂ ಕೊಟ್ಟಿದ್ದರು. ಮೂರು ತಿಂಗಳ ನಂತರ ನೋಡಿದರೆ, ಮಾಮೂಲಿ ಗುಂಪಿನಲ್ಲಿ ಶೇ 69 ಜನರಿಗೆ ಆಘಾತದ ಲಕ್ಷಣಗಳಿದ್ದವು. ಈ ಗುಂಪಿನಲ್ಲಿ ಶೇ 45.

ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಒಂದು ಕಿರುಪುಸ್ತಕ, ಒಂಬತ್ತು ನಿಮಿಷ ಜಾಸ್ತಿ ಕೇಳಿಸಿಕೊಂಡಿದ್ದು, ಅಷ್ಟೇ.

2012ರಲ್ಲಿ ಈ ನೋವಿಗೊಂದು ಹೆಸರೂ ಸಿಕ್ಕಿತು: ಪಿಐಸಿಎಸ್-ಎಫ್. ರೋಗಿ ಮನೆಗೆ ಬಂದ ಮೇಲೂ, ಬಾರದೇ ಹೋದ ಮೇಲೂ ಮನೆಯವರನ್ನು ಕಾಡುವ ಆತಂಕ, ಖಿನ್ನತೆ, ಆಘಾತ.

ಅಪ್ಪ ಈಗ ಹುಷಾರಾಗಿದ್ದಾರೆ. ಆದರೆ ರಾತ್ರಿ ಫೋನ್ ರಿಂಗಾದ್ರೆ ಅಮ್ಮ ಇವತ್ತಿಗೂ ಬೆಚ್ಚಿಬೀಳ್ತಾಳೆ. ‘ಎಲ್ಲಾ ಮುಗೀತಲ್ಲಮ್ಮ, ಇನ್ನೇನು?’ ಅಂತಿದ್ದೆ ನಾನು. ಈ ಕಂತಿಗೆ ಓದ್ತಾ ಓದ್ತಾ ನಾಚಿಕೆಯಾಯ್ತು. ಮೊನ್ನೆ ಪಕ್ಕ ಕೂತು, ‘ಆ ಒಂಬತ್ತು ದಿನ ನಿನಗೆ ಹೇಗಿತ್ತಮ್ಮ?’ ಅಂದೆ. 14 ನಿಮಿಷ ಸಾಲಲಿಲ್ಲ.

ನಿಮ್ಮ ಪರಿಚಯದವರು ಯಾರಾದರೂ ಈಗ ಆ ಕುರ್ಚಿಯಲ್ಲಿ ಕೂತಿದ್ದರೆ, ‘ಪೇಷೆಂಟ್ ಹೇಗಿದ್ದಾರೆ?’ ಅಂತ ಕೇಳಿ. ಆಮೇಲೆ, ‘ನೀವು ಹೇಗಿದ್ದೀರಿ?’ ಅಂತಲೂ ಕೇಳಿ. ಮುಂದಿನ ಕಂತಿನಲ್ಲಿ ಸಿಗೋಣ.