ಮಲೇಷಿಯಾದ ಶಾಲೆಗಳು: ಒಂದು ನಾಡು, ಹಲವು ನುಡಿ

ಮಲಯ, ಚೀನೀ, ತಮಿಳು ಜನರು ಕೂಡಿ ಬಾಳುವ ಮಲಯ ನಾಡಿನಲ್ಲಿ ಎಲ್ಲ ಶಾಲೆಗಳಿಗೂ ಸಮಾನ ಪಠ್ಯಕ್ರಮವಿರಲೆಂದು 1956ರ ರಜಾಕ್ ವರದಿಯು ಸೂಚಿಸಿತು. ಮಲಯ ಮಾಧ್ಯಮದವು ಮುಂದೆ ರಾಷ್ಟ್ರೀಯ ಶಾಲೆಗಳೆನಿಸಿದವು. ಚೀನೀ, ತಮಿಳು, ಇಂಗ್ಲಿಷ್ ಮಾಧ್ಯಮದವು ರಾಷ್ಟ್ರೀಯ ಮಾದರಿಯವು. 1961ರ ಕಾಯಿದೆಯ ಬಳಿಕ ಚೀನೀ ಪ್ರೌಢಶಾಲೆಗಳು ಸರಕಾರದ ನೆರವು ಪಡೆಯಲು ಮಾಧ್ಯಮವನ್ನು ಬದಲಿಸಬೇಕಾಯಿತು. ಒಪ್ಪದವು ಸಮುದಾಯದ ದಾನದಿಂದ ಬದುಕಿದವು. 1970ರಿಂದ ಇಂಗ್ಲಿಷ್ ಶಾಲೆಗಳೂ ತರಗತಿಯಿಂದ ತರಗತಿಗೆ ಮಲಯ ಮಾಧ್ಯಮಕ್ಕೆ ತಿರುಗಿದವು. ಲಸಾಲ್ ಸಹೋದರರು 1852ರಲ್ಲಿ ಪೆನಾಂಗಿನಲ್ಲಿ ಸ್ಥಾಪಿಸಿದ ಸಂತ ಝೇವಿಯರರ ವಿದ್ಯಾಸಂಸ್ಥೆಯೂ ಈ ಮಾರ್ಪಾಡಿಗೆ ಒಳಪಟ್ಟಿತು. ಚೀನೀ, ತಮಿಳು ಪ್ರಾಥಮಿಕ ಶಾಲೆಗಳು ಇಂದಿಗೂ ಉಳಿದಿವೆ. ಮಕ್ಕಳೆಲ್ಲರೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯಬೇಕೆ, ತಾಯ್ನುಡಿಯಲ್ಲಿ ಕಲಿಯಬೇಕೆ ಎಂಬ ಪ್ರಶ್ನೆ ಅಲ್ಲಿ ಇನ್ನೂ ತೀರಿಲ್ಲ. ಹಲವು ನುಡಿಗಳ ನಾಡಿನವರಾದ ನಾವು ಈ ಎರಡು ಹಂಬಲಗಳನ್ನೂ ನ್ಯಾಯವೆಂದೇ ಬಗೆಯುತ್ತೇವೆ.