ಕರಾವಳಿಯ ಇಬ್ಬರು ಅತಿಥಿಗಳು

ಕನ್ನಡ ಕರಾವಳಿಗೆ ಪರದೇಶದ ಅತಿಥಿಗಳು ಹೊಸಬರಲ್ಲ. ಭಟ್ಕಳದ ರೇವಿನಲ್ಲಿ ಇಳಿದ ಅರಬ್ಬೀ ಕುದುರೆಗಳು ವಿಜಯನಗರದ ಲಾಯವನ್ನು ಸೇರಿದುವು. 14ನೆಯ ಶತಮಾನದಲ್ಲಿ ಹೊನ್ನಾವರವನ್ನು ಕಂಡ ಇಬ್ನ್ ಬತೂತನು, ಅಲ್ಲಿ ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುವೆಂದು ಬರೆದಿಟ್ಟನು. 19ನೆಯ ಶತಮಾನದಲ್ಲಿ ಕುಮಟೆಯ ಬಂದರಿನಿಂದ ಹೊರಟ ಧಾರವಾಡ ಸೀಮೆಯ ಹತ್ತಿಗೆ ವ್ಯಾಪಾರಿಗಳಲ್ಲಿ ಆ ಊರಿನ ಹೆಸರೇ ನಿಂತಿತು. ಮನುಷ್ಯರ ಈ ಕಥೆಯನ್ನು ಶ್ರೋತೃಗಳು ಬಲ್ಲರು. ಇದೇ ಸೀಮೆಗೆ ಬಂದ ಒಂದು ಹಕ್ಕಿ, ಒಂದು ಹೂಗಿಡ, ಇವುಗಳ ಚರಿತ್ರೆಯನ್ನು ನಾವು ಈಗ ಜೊತೆಗಿಟ್ಟು ನೋಡೋಣ.

ಹಕ್ಕಿ, ಹಳದಿ ಸಿಪಿಲೆ; ಗಿಡ, ಲಂಟಾನ. ಎರಡಕ್ಕೂ ಶಾಸ್ತ್ರೀಯ ನಾಮಕರಣ ಮಾಡಿದವನು ಸ್ವೀಡನ್ ದೇಶದ ಲಿನೇಯಸ್ ಪಂಡಿತನೇ: ಗಿಡಕ್ಕೆ 1753ರಲ್ಲಿ, ಹಕ್ಕಿಗೆ 1758ರಲ್ಲಿ. ಎರಡಕ್ಕೂ ಹಳದಿಯ ಅಲಂಕಾರವುಂಟು. ಹೋಲಿಕೆ ಇಷ್ಟಕ್ಕೇ ಮುಗಿಯುತ್ತದೆ.

ಸಿಪಿಲೆಯು ಸೈಬೀರಿಯ, ಮಧ್ಯ ಏಷ್ಯಗಳ ಹುಲ್ಲುಗಾವಲುಗಳಲ್ಲಿ ಮರಿಮಾಡಿ, ಇಲ್ಲಿ ಮಳೆ ಹಿಂದೆಗೆಯುವ ವೇಳೆಗೆ ರೆಕ್ಕೆಯ ಬಲವೊಂದರಿಂದಲೇ ಬರುತ್ತದೆ. ಜೌಗುಗದ್ದೆಗಳಲ್ಲಿ ಬಾಲ ಕುಣಿಸುತ್ತ ಹುಳುಗಳನ್ನು ಆಯ್ದು ತಿಂದು, ಬೇಸಗೆಯಲ್ಲಿ ಮರಳುತ್ತದೆ. ಲಂಟಾನವಾದರೋ ಉಷ್ಣ ಅಮೆರಿಕೆಯದು. ಹೂವಿನ ಚೆಲುವಿಗೆ ಮನಸೋತ ಜನರೇ ಅದನ್ನು 19ನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಕಂಪೆನಿ ತೋಟಕ್ಕೆ ತಂದರು. ಅದು ಬೇಲಿಯಾಯಿತು, ಪಿಕಳಾರ ಮೊದಲಾದ ಹಕ್ಕಿಗಳು ಹಣ್ಣು ತಿಂದು ಬೀಜ ಚೆಲ್ಲಿದುವು. ಗಿಡವು ಬೇಲಿಯನ್ನು ದಾಟಿ ಕಾಡನ್ನು ಹೊಕ್ಕಿತು. ಹುಲ್ಲನ್ನೂ ಎಳೆಯ ಸಸಿಗಳನ್ನೂ ಅಡಗಿಸಿತು. ಅದರ ಎಲೆ ದನಕರುಗಳಿಗೆ ವಿಷ.

ಹಾಗೆಂದು ಪರದೇಶದ್ದೆಲ್ಲವೂ ಕೇಡೆನ್ನಲಾಗದು. ಗೇರುಮರವೂ ಪೋರ್ತುಗೀಜರೊಡನೆ ಬಂದುದೇ. ಇಂದು ಅದು ಈ ಸೀಮೆಯ ಮನೆಮಗ. ಪರೀಕ್ಷಿಸತಕ್ಕುದು ಹುಟ್ಟಿದ ನಾಡನ್ನಲ್ಲ, ನಡತೆಯನ್ನು.

ಆತಿಥೇಯರಾದ ನಮ್ಮ ನಡತೆಯೂ ಪರೀಕ್ಷೆಗೆ ಹೊರತಲ್ಲ. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತದ ಗಜನಿಗದ್ದೆಗಳು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಹುಮಟ್ಟಿಗೆ ಸೀಗಡಿಯ ಕೊಳಗಳಾದುವು. ಚೆಲುವಿಗಾಗಿ ಕರೆತಂದ ಗಿಡಕ್ಕೆ ಕಾಡನ್ನೇ ಬಿಟ್ಟುಕೊಟ್ಟೆವು. ಏನನ್ನೂ ಬೇಡದೆ ಬಂದು ಹೋಗುವ ಹಕ್ಕಿಯ ಬಿಡಾರವನ್ನು ಕಿರಿದುಮಾಡಿದೆವು. 2024ರ ಜನವರಿಯಲ್ಲಿ ಈ ಅಳಿವೆಯ ಹೆಸರು ರಾಮ್ಸರ್ ಒಪ್ಪಂದದ ಪಟ್ಟಿಯಲ್ಲಿ ಪ್ರಕಟವಾಯಿತು. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಗದ್ದೆಯಲ್ಲಿ ಕೆಸರಿರಬೇಕು, ಕೆಸರಿನಲ್ಲಿ ಹುಳುವಿರಬೇಕು. ಸಿಪಿಲೆಗೆ ನಾವು ಮಾಡಬೇಕಾದ ಸತ್ಕಾರ ಅಷ್ಟೇ.