ರೇಷ್ಮೆಹುಳುವಿನ ಲಿಂಗನಿರ್ಣಯದಲ್ಲಿ ಆರ್‌ಎನ್‌ಎ ಸೀಳಿಕೆ: ಒಂದು ಟಿಪ್ಪಣಿ

1. ಹಿನ್ನೆಲೆ

ಹಿಪ್ಪುನೇರಳೆ ರೇಷ್ಮೆಹುಳು ಬಾಂಬಿಕ್ಸ್ ಮೋರಿಯಲ್ಲಿ ಆರ್‌ಎನ್‌ಎ ನಾಶವೇ ಭ್ರೂಣದ ಲಿಂಗವನ್ನು ನಿಯಂತ್ರಿಸುವುದಕ್ಕೆ ಈಗ ಬಲವಾದ ಆಧಾರವಿದೆ.

ಮೈಸೂರು ತಳಿಯ ಹೆಣ್ಣು ಮತ್ತು ದ್ವಿತಳಿ ಗಂಡಿನಿಂದ ಮಿಶ್ರತಳಿ ಮೊಟ್ಟೆ ಪಡೆಯಲು ಬಿತ್ತನೆ ಕೋಠಿಯಲ್ಲಿ ಹೆಣ್ಣು-ಗಂಡುಗಳನ್ನು ಮೊದಲೇ ಬೇರ್ಪಡಿಸಬೇಕು. ಕೋಶದ (ಪ್ಯೂಪಾ) ಹೊಟ್ಟೆಯ ಕೆಳಬದಿಯಲ್ಲಿ, 8ನೇ ಖಂಡದ ಮೇಲೆ ಕತ್ತರಿಯಾಕಾರದ ಸಣ್ಣ ಗೆರೆಯಿದ್ದರೆ ಹೆಣ್ಣು. 9ನೇ ಖಂಡದಲ್ಲಿ ಚುಕ್ಕೆಯಿದ್ದರೆ ಗಂಡು. ಈ ಭೇದದ ಮೂಲ ಭ್ರೂಣಾವಸ್ಥೆಯಲ್ಲಿದೆ.

2. ದಾಖಲಾದ ಸಂಗತಿ

ಹೆಣ್ಣಿನ ವರ್ಣತಂತುಗಳು ಝಡ್-ಡಬ್ಲ್ಯು, ಗಂಡಿನವು ಝಡ್-ಝಡ್. ಡಬ್ಲ್ಯು ಇದ್ದರೆ ಹೆಣ್ಣು ಎಂಬುದನ್ನು ಹಶಿಮೊಟೊ 1933ರಲ್ಲೇ ತೋರಿಸಿದ್ದರು. ಕಾರ್ಯವಿಧಾನ ತಿಳಿದದ್ದು 2014ರಲ್ಲಿ, ಕಿಉಚಿ, ಕಟ್ಸುಮ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ. ಡಬ್ಲ್ಯುವಿನಿಂದ ಬರುವ 29 ನ್ಯೂಕ್ಲಿಯೋಟೈಡ್‌ಗಳ 'ಫೆಮ್' ಎಂಬ ಪೈ-ಆರ್‌ಎನ್‌ಎ (ಸಣ್ಣ ಆರ್‌ಎನ್‌ಎಗಳ ಒಂದು ಬಗೆ), ಸಿವಿ ಎಂಬ ಪ್ರೋಟೀನಿನೊಡನೆ ಸೇರಿ, ಝಡ್‌ನಲ್ಲಿರುವ 'ಮಾಸ್ಕ್' ವಂಶವಾಹಿಯ ಸಂದೇಶವಾಹಕ ಆರ್‌ಎನ್‌ಎಯನ್ನು ಸೀಳುತ್ತದೆ. ಮಾಸ್ಕ್ ಉಳಿದರೆ 'ಡಬಲ್‌ಸೆಕ್ಸ್' ವಂಶವಾಹಿಯ ಗಂಡು ರೂಪ ತಯಾರಾಗುತ್ತದೆ. ಇಲ್ಲವಾದರೆ ಹೆಣ್ಣು ರೂಪ.

3. ಸರಳ ವಿವರಣೆಗೆ ಹೊಂದದ ಅಂಶಗಳು

(ಅ) ಗಂಡು ಭ್ರೂಣದಲ್ಲಿ ಮಾಸ್ಕ್ ಅಡಗಿಸಿದಾಗ ಡಬಲ್‌ಸೆಕ್ಸ್ ಹೆಣ್ಣು ರೂಪಕ್ಕೆ ತಿರುಗಿತಾದರೂ ಭ್ರೂಣಗಳು ಹೆಣ್ಣಾಗಿ ಬೆಳೆಯದೆ ಸತ್ತವು. ಝಡ್‌ನ ವಂಶವಾಹಿಗಳ ಚಟುವಟಿಕೆ ಏರಿದ್ದರಿಂದ, ಅದನ್ನು ಹದದಲ್ಲಿಡುವುದೂ ಮಾಸ್ಕ್‌ನ ಕೆಲಸವೆಂದು ಊಹಿಸಬಹುದು.

(ಆ) ಫೆಮ್‌ಗೆ ಸೀಳಲಾಗದಂತೆ ಮಾರ್ಪಡಿಸಿದ ಮಾಸ್ಕ್ ಅನ್ನು ಸೇರಿಸಿದ 2016ರ ಪ್ರಯೋಗದಲ್ಲಿ ಹೆಣ್ಣುಗಳು ಸಾಯುವುದು ಕಂಡುಬಂತು. ಲಿಂಗ ಪರಿವರ್ತನೆ ಭಾಗಶಃ ಮಾತ್ರ. ಹೆಣ್ಣಿನ ಸಹಜ ಬೆಳವಣಿಗೆಗೆ ಸೀಳಿಕೆ ಅಗತ್ಯವೆಂದು ಇದರಿಂದ ಹೇಳಬಹುದು. ಸೀಳಿಕೆ ತಪ್ಪಿದರೆ ಪೂರ್ಣ ಗಂಡು ಆಗುತ್ತದೆಂದು ಹೇಳಲಾಗದು.

4. ವ್ಯಾಪ್ತಿ

ಹಣ್ಣುನೊಣದ ಭ್ರೂಣದಲ್ಲಿ ತಾಯಿಯಿಂದ ಬಂದ ಆರ್‌ಎನ್‌ಎಗಳು ನಾಶವಾಗುವ ಬಗೆ ಬೇರೆ: ಅಲ್ಲಿ ಸ್ಮಾಗ್ ಪ್ರೋಟೀನು ಬಾಲದ ಅಡೆನಿನ್ ಸರಣಿಯನ್ನು ಕತ್ತರಿಸುವ ಕಿಣ್ವಸಮೂಹವನ್ನು ಕರೆತರುತ್ತದೆ. ಎರಡನ್ನೂ ಒಂದೇ ಶೀರ್ಷಿಕೆಯಡಿ ಸೇರಿಸುವಾಗ ಎಚ್ಚರ ಬೇಕು. ಆರ್‌ಎನ್‌ಎ ಪ್ರಮಾಣ ಇಳಿದದ್ದಷ್ಟೇ ನಾಶಕ್ಕೆ ಸಾಕ್ಷಿಯಲ್ಲ. ಉತ್ಪಾದನೆ ತಗ್ಗಿದರೂ ಅದು ಇಳಿಯುತ್ತದೆ. ರೇಷ್ಮೆಹುಳುವಿನಲ್ಲಿ ಸೀಳಿದ ಮಾಸ್ಕ್‌ನಿಂದ ಹುಟ್ಟುವ ಪೈ-ಆರ್‌ಎನ್‌ಎ, ಫೆಮ್‌ನೊಡನೆ 10 ನ್ಯೂಕ್ಲಿಯೋಟೈಡ್‌ಗಳಷ್ಟು ಪೂರಕವಾಗಿ ಹೊಂದುತ್ತದೆ. ಇಂಥ ಸೀಳಿಕೆ ಬಿಟ್ಟುಹೋಗುವ ಗುರುತೇ ಅದು. ಸದ್ಯದ ತೀರ್ಮಾನಕ್ಕೆ ಪ್ರಮಾಣದ ಇಳಿಕೆಗಿಂತ ಅದೇ ಹೆಚ್ಚು ಗಟ್ಟಿ ಆಧಾರ.